ಒಂದೂವರೆ ಎಲೆಗೊಂದು ಕೊಪ್ಪರಿಗೆ

ಅಲೆವೂರಿನಲ್ಲಿರುವ ನಮ್ಮ ದೊಡ್ಡಮ್ಮನ ಮನೆಯಲ್ಲಿ ಅಂದು ಬಯಕೆಯ ಊಟ. ಮಗಳು ರಕ್ಷಿತಾಳಿಗೆ ಏಳು ತಿಂಗಳು ತುಂಬಿತ್ತು. ಹಸಿರು ಸೀರೆ ಉಟ್ಟು, ಕೈತುಂಬ ಹಸಿರು ಬಳೆ ತೊಟ್ಟು, ಕತ್ತು ಹಿಂದಕ್ಕೆ ವಾಲುವಷ್ಟು ಶಂಕರಪುರ ಮಲ್ಲಿಗೆ ಮುಡಿದು ಅವಳು ಚಾವಡಿಯ ನಡುವೆ ಕುಳಿತಿದ್ದಳು. ಕಾರ್ಕಳದಿಂದ ಅವಳ ಗಂಡ, ಅತ್ತೆ, ಮಾವ ಮತ್ತು ಒಂದು ಟೆಂಪೋದಲ್ಲಿ ಹಿಡಿಸುವಷ್ಟು ನೆಂಟರು ಬಂದಿದ್ದರು. ಆಚೆಮನೆಯ ಲಿಲ್ಲಿಬಾಯಿ ಬಂದಿದ್ದರು. ದೊಡ್ಡಪ್ಪ ಮೂಲೆಯ ಕುರ್ಚಿಯಲ್ಲಿದ್ದರು. ದೊಡ್ಡಮ್ಮನ ತಂಗಿಯ ಮಗನಾದ ನಾನು ಬಡಿಸುವ ನೆಪದಲ್ಲಿ ಹೋಳಿಗೆಯ ಬುಟ್ಟಿಯನ್ನು ಬಿಟ್ಟು ಕದಲದೆ ನಿಂತಿದ್ದೆ.

ಹೀಗೆ ಸಾಕ್ಷಿಗಳೆಲ್ಲ ಸರಿಯಾಗಿ ಕೂಡಿದ ಹೊತ್ತಿಗೆ ಕಾರ್ಕಳದ ಬೀಗಿತ್ತಿ ಒಂದು ಪ್ರಶ್ನೆ ಕೇಳಿದರು. ಪಾಪ, ಕೇಳಬಾರದ್ದೇನೂ ಅಲ್ಲ. "ಹೆರಿಗೆಗೆ ಯಾವ ಆಸ್ಪತ್ರೆಯಲ್ಲಿ ಹೆಸರು ಬರೆಸಿದ್ದೀರಿ ಟೀಚರ್?" ಎಂದರು, ಅಷ್ಟೆ.

"ಆಸ್ಪತ್ರೆ ಇಲ್ಲ. ಇಲ್ಲೇ, ಮನೆಯಲ್ಲೇ," ಎಂದರು ದೊಡ್ಡಮ್ಮ. "ನೀರಿನಲ್ಲಿ."

ಪಾಯಸ ಸುರಿಯುವ ಸದ್ದು ಇಡೀ ಪಂಕ್ತಿಯಲ್ಲಿ ಒಮ್ಮೆಲೇ ನಿಂತಿತು. ಬೀಗಿತ್ತಿ ಕೈಯಲ್ಲಿದ್ದ ಹಪ್ಪಳವನ್ನು ಎಲೆಗೆ ಇಳಿಸಿದರು. ಅವರ ಕಣ್ಣು ಮೆಲ್ಲಗೆ ಅಂಗಳದ ಬದಿಗೆ ಹರಿಯಿತು.

"ನೀರಿನಲ್ಲಿ ಅಂದ್ರೆ... ಬಾವಿಯಲ್ಲಾ?"

ನಮ್ಮ ದೊಡ್ಡಮ್ಮನನ್ನು ಅರೆಹುಚ್ಚಿ ಎನ್ನುವವರು ಊರಿನಲ್ಲಿ ಇದ್ದಾರೆ. ನಾನು ಖಂಡಿತ ಒಪ್ಪುವುದಿಲ್ಲ. ಅರ್ಧಕ್ಕೆ ಬಿಟ್ಟ ಕೆಲಸ ಅವರ ಜೀವಮಾನದಲ್ಲಿ ಒಂದಾದರೂ ಇದೆಯೇ ಹೇಳಿ!

ಅವರು ಹೈಸ್ಕೂಲಿನ ವಿಜ್ಞಾನ ಟೀಚರಾಗಿದ್ದವರು. ಸಂತಾನೋತ್ಪತ್ತಿಯ ಪಾಠ ಬಂದಾಗ ಉಳಿದ ಟೀಚರುಗಳು "ಇದನ್ನು ಮನೆಯಲ್ಲೇ ಓದಿಕೊಳ್ಳಿ" ಎಂದು ಪುಟ ಮಗುಚುತ್ತಿದ್ದ ಕಾಲದಲ್ಲಿ, ಬೋರ್ಡಿನ ಈ ತುದಿಯಿಂದ ಆ ತುದಿಯವರೆಗೆ ಗರ್ಭಕೋಶ ಬಿಡಿಸಿ, ಬಣ್ಣದ ಸೀಮೆಸುಣ್ಣದಲ್ಲಿ ಭಾಗಗಳನ್ನು ಗುರುತಿಸಿದವರು. ಹಿಂದಿನ ಬೆಂಚಿನ ಹುಡುಗರು ತಲೆ ಬಗ್ಗಿಸಿದರೆ, "ಎಂತ ನಾಚಿಕೆ? ನೀನು ಮರದಿಂದ ಉದುರಿದ್ದಾ?" ಎಂದು ಕೇಳುತ್ತಿದ್ದರಂತೆ. ಯಾವ ವಿಷಯವಾದರೂ ಓದಿದರೆ ಸಾಲದು, ಪ್ರಾಕ್ಟಿಕಲ್ ಆಗಬೇಕು ಎಂಬುದು ಅವರ ಸಿದ್ಧಾಂತ. ರಿಟೈರಾಗಿ ಮೂರು ವರ್ಷವಾಯಿತು. ಪ್ರಯೋಗಶಾಲೆ ಶಾಲೆಯಿಂದ ಮನೆಗೆ ಬಂತು, ಅಷ್ಟೇ ವ್ಯತ್ಯಾಸ.

ಒಮ್ಮೆ, ಮಂಡಿನೋವಿಗೆ ಮೂಲ ಕುರ್ಚಿ ಎಂದು ಎಲ್ಲೋ ಓದಿದರು. ಮರುದಿನ ಮನೆಯ ಕುರ್ಚಿಗಳೆಲ್ಲ ಅಟ್ಟ ಸೇರಿದವು. ದೊಡ್ಡಪ್ಪ ಎರಡು ತಿಂಗಳು ನೆಲದ ಮೇಲೆ ಕುಳಿತು ಪೇಪರ್ ಓದಿದರು. ಕುಳಿತುಕೊಳ್ಳುವುದು ಅವರಿಗೆ ಸುಲಭವಿತ್ತು. ಎಬ್ಬಿಸುವುದಕ್ಕೆ ನನಗೆ ಫೋನ್ ಬರುತ್ತಿತ್ತು. ದೊಡ್ಡಪ್ಪ ಬಹಳ ವರ್ಷ ಮಸ್ಕತ್ತಿನಲ್ಲಿ ದುಡಿದು ಬಂದವರು. ಅಲ್ಲಿ ಯಾವ ಭಾಷೆ ಮಾತಾಡುತ್ತಿದ್ದರೋ ಗೊತ್ತಿಲ್ಲ, ಊರಿಗೆ ಬಂದ ಮೇಲೆ ಅವರ ಮಾತು ಒಂದೇ: "ಆಯ್ತು." ಕುರ್ಚಿ ಅಟ್ಟಕ್ಕೆ ಹೋದಾಗ "ಆಯ್ತು." ದೊಡ್ಡಮ್ಮನದೇ ಮಂಡಿ ಹಿಡಿದು ಕುರ್ಚಿ ಕೆಳಗೆ ಬಂದಾಗಲೂ "ಆಯ್ತು."

ಈ ನೀರಿನ ಹೆರಿಗೆಯ ವಿಷಯ ಮೊಬೈಲಿನಿಂದ ಬಂದದ್ದು. ಯಾವುದೋ ದೂರದೇಶದ ಹೆಂಗಸು ಸಮುದ್ರದಲ್ಲಿ ನಗುನಗುತ್ತಾ ಹೆರುವ ವಿಡಿಯೋ. ಸುತ್ತ ಡಾಲ್ಫಿನ್‌ಗಳು ಸೀಮಂತಕ್ಕೆ ಬಂದ ನೆಂಟರ ಹಾಗೆ ಓಡಾಡುತ್ತಿದ್ದವು. ಬಿಸಿನೀರಿನಲ್ಲಿ ಕುಳಿತರೆ ನೋವು ಅರ್ಧಕ್ಕೆ ಇಳಿಯುತ್ತದೆ ಎಂದು ಅದರಲ್ಲಿ ಹೇಳಿದ್ದರು. ದೊಡ್ಡಮ್ಮನಿಗೆ ಅಷ್ಟು ಸಾಕಾಯಿತು.

ಹೆರಬೇಕಾದವಳಿಗೆ ಸಾಕಾಗಬೇಡವೇ? ಬಯಕೆಯ ಊಟ ಮುಗಿದು ಕಾರ್ಕಳದವರು ಹೋದ ಮೇಲೆ ರಕ್ಷಿತಾ ನನ್ನನ್ನು ಹಿತ್ತಿಲ ಬಾಗಿಲಿಗೆ ಕರೆದಳು.

"ಅಣ್ಣ, ನೀನಾದ್ರೂ ಹೇಳು. ನಾನು ಮಣಿಪಾಲದಲ್ಲಿ ಹೆಸರು ಬರೆಸಿ ಆಗಿದೆ. ನನಗೆ ನೋವಂದ್ರೆ ಹೆದರಿಕೆ. ಬೆನ್ನಿಗೆ ಇಂಜೆಕ್ಷನ್ ತಗೊಳ್ತೇನೆ, ಡಾಕ್ಟರ ಎದುರಿಗೆ ಹೆರ್ತೇನೆ. ಕೆರೆ, ಬಾವಿ, ಡಾಲ್ಫಿನ್ ಎಂತದೂ ನನಗೆ ಬೇಡ."

"ಅಮ್ಮನಿಗೆ ಹೇಳಿದ್ಯಾ?"

"ಹೇಳಿದೆ. 'ನಿನ್ನ ಅಭಿಪ್ರಾಯ ಗಮನಕ್ಕೆ ಬಂದಿದೆ' ಅಂದ್ರು."

ನಾನು ದೊಡ್ಡಮ್ಮನ ಹತ್ತಿರ ಹೋದೆ. ಅವರು ಉಳಿದ ಹೋಳಿಗೆಯನ್ನು ಡಬ್ಬಿಗೆ ತುಂಬುತ್ತಾ ನನ್ನ ಮಾತನ್ನು ಕೊನೆಯವರೆಗೆ ಕೇಳಿದರು. ಇದು ಅಪಾಯದ ಲಕ್ಷಣ.

"ನೋವಿನ ವಿಷಯ ಹಾಗಿರಲಿ ಮಾರಾಯ. ಆಸ್ಪತ್ರೆಯಲ್ಲಿ ಎಂತ ಮಾಡ್ತಾರೆ ಗೊತ್ತುಂಟಾ? ಬಾಗಿಲು ಹಾಕ್ತಾರೆ. ಮಗಳು ಆಚೆ, ತಾಯಿ ಈಚೆ. ಬೆಂಚಿನಲ್ಲಿ ಕೂತು ಬಾಗಿಲು ನೋಡುದಕ್ಕಾ ನಾನು ಇವಳನ್ನು ಹೆತ್ತದ್ದು? ಇಲ್ಲಿಯಾದ್ರೆ ಬಾಗಿಲು ನಂದು. ಯಾರು ಹಾಕ್ತಾರೆ ನೋಡುವ!"

ಇದೆಲ್ಲ ತುಳುವಿನಲ್ಲಿ ನಡೆದ ಮಾತು. ಕೊನೆಯ ವಾಕ್ಯವನ್ನು ಮಾತ್ರ ಅವರು ಕನ್ನಡದಲ್ಲಿ ಹೇಳಿದರು. ದೊಡ್ಡಮ್ಮ ಕನ್ನಡಕ್ಕೆ ಬಂದರೆಂದರೆ ಪಾಠ ಮುಗಿಯಿತು ಎಂದರ್ಥ.

ಮೊದಲು ಸಮುದ್ರವನ್ನೇ ನೋಡಿಬರುವ ಎಂದು ಹೊರಟರು. ಡಾಲ್ಫಿನ್ ತೋರಿಸಿದ ಮೇಲೆ ಬಿಡುತ್ತಾರೆಯೇ! ಕಾರು ನನ್ನದು, ಪೆಟ್ರೋಲು ನನ್ನದು, ಕುತೂಹಲವೂ ಸ್ವಲ್ಪ ನನ್ನದು. ಕಾಪುವಿನ ಲೈಟ್‌ಹೌಸಿನ ಬುಡದಲ್ಲಿ ನಿಂತು ದೊಡ್ಡಮ್ಮ ಅಲೆಗಳನ್ನು ಪರೀಕ್ಷಕರ ಹಾಗೆ ನೋಡಿದರು. ಸುತ್ತ ಸೆಲ್ಫಿ ತೆಗೆಯುವವರು, ಚುರುಮುರಿ ಮಾರುವವರು, ಮದುವೆಗೆ ಮುಂಚೆ ಫೋಟೋ ತೆಗೆಸಿಕೊಳ್ಳುವ ಜೋಡಿಗಳು. ಬಲೆ ಬಿಡಿಸುತ್ತಿದ್ದ ಒಬ್ಬರ ಹತ್ತಿರ ಹೋಗಿ, "ಇಲ್ಲಿ ಡಾಲ್ಫಿನ್ ಬರ್ತದಾ?" ಎಂದು ಕೇಳಿದರು.

"ಬರ್ತದೆ ಅಮ್ಮ."

ದೊಡ್ಡಮ್ಮ ನನ್ನ ಕಡೆಗೆ ಗೆಲುವಿನ ನೋಟ ಬೀರಿದರು. "ಎಂತಕ್ಕೆ ಬರ್ತದೆ?"

"ಬಲೆ ಹರೀಲಿಕ್ಕೆ."

ಹಿಂದೆ ಬರುವಾಗ ಸಮುದ್ರ ನಾಪಾಸಾಗಿತ್ತು. ಕಾರಣ ಡಾಲ್ಫಿನ್ ಅಲ್ಲವಂತೆ; ಜನ ಜಾಸ್ತಿಯಂತೆ.

ಮುಂದಿನ ವಾರ ಮಣಿಪಾಲದ ಆಟದ ಸಾಮಾನಿನ ಅಂಗಡಿ. ಗಾಳಿ ತುಂಬಿಸಿ ನೀರು ಹಾಕುವ ಮಕ್ಕಳ ಕೊಳವೊಂದನ್ನು ದೊಡ್ಡಮ್ಮ ಬೆರಳಲ್ಲಿ ಒತ್ತಿ ನೋಡಿದರು. ಅದರ ಮೈತುಂಬ ಹಳದಿ ಬಾತುಕೋಳಿಗಳು.

"ಮಗುವಿಗೆ ಎಷ್ಟು ವರ್ಷ ಅಮ್ಮ?" ಎಂದ ಅಂಗಡಿಯವ.

"ಇನ್ನೂ ಹುಟ್ಟಿಲ್ಲ."

"ಹಾಗಾದ್ರೆ ಹುಟ್ಟಿ ಸ್ವಲ್ಪ ದೊಡ್ಡದಾದ ಮೇಲೆ ಬನ್ನಿ."

"ಹುಟ್ಟುದೇ ಇದರಲ್ಲಿ ಮಾರಾಯ!"

ಅಂಗಡಿಯವ ನನ್ನ ಮುಖ ನೋಡಿದ. ನಾನು ಬಾತುಕೋಳಿಗಳ ಮುಖ ನೋಡಿದೆ. ಕೊಳ ಮನೆಗೆ ಬಂತು, ಅಂಗಳದಲ್ಲಿ ಗಾಳಿ ತುಂಬಿಸಿಕೊಂಡು ಅರ್ಧ ದಿನ ನಿಂತಿತ್ತು. ಆಮೇಲೆ ಲಿಲ್ಲಿಬಾಯಿಯ ಹುಂಜ ಬಾತುಕೋಳಿಯ ಚಿತ್ರಗಳನ್ನು ನಿಜವೆಂದು ತಿಳಿದು ಜಗಳಕ್ಕೆ ಬಂತು. ಕೊಳ ಸೋತಿತು.

ಒಂಬತ್ತನೇ ತಿಂಗಳಲ್ಲಿ ಮಣಿಪಾಲದ ಡಾಕ್ಟರರನ್ನು ಕಾಣುವ ದಿನ ಬಂತು. ಡಾಕ್ಟರ್ ಚಿಕ್ಕ ಪ್ರಾಯದ ಹೆಂಗಸು, ಬಹಳ ತಾಳ್ಮೆಯವರು. ರಕ್ಷಿತಾಳ ಬಿ.ಪಿ. ಸ್ವಲ್ಪ ಮೇಲಿತ್ತು. "ಮೊದಲ ಹೆರಿಗೆ, ಬಿ.ಪಿ. ಬೇರೆ. ನೀರಿನಲ್ಲಿ ಹೆರಿಗೆ ಮಾಡಿಸುವ ಕಡೆಯಲ್ಲೂ ಇಂಥವರನ್ನು ನೀರಿಗೆ ಇಳಿಸುವುದಿಲ್ಲ ಅಮ್ಮ. ಮನೆಯಲ್ಲಂತೂ ಬೇಡವೇ ಬೇಡ. ತಾಯಿಗೂ ಮಗುವಿಗೂ ಅಪಾಯ," ಎಂದರು.

"ಬಿ.ಪಿ. ಏರಿದ್ದು ಯಾಕೆ? ಆಸ್ಪತ್ರೆಗೆ ಬಂದದ್ದಕ್ಕೆ," ಎಂದು ದೊಡ್ಡಮ್ಮ ಶುರು ಮಾಡಿದರು. ಡಾಕ್ಟರ ಪ್ಯಾಡನ್ನೇ ಎಳೆದುಕೊಂಡು ಗರ್ಭಕೋಶದ ಚಿತ್ರ ಬಿಡಿಸಿದರು, ಭಾಗಗಳನ್ನು ಗುರುತಿಸಿದರು, ಡಾಕ್ಟರರಿಗೆ ಎರಡು ಪ್ರಶ್ನೆ ಹಾಕಿ ಉತ್ತರ ಸರಿಯೆಂದು ತಲೆದೂಗಿದರು. ಹೊರಗೆ ಕಾಯುತ್ತಿದ್ದ ಬಸುರಿಯರು ಒಳಗೆ ಯಾರಿಗೋ ಅವಳಿಜವಳಿ ಎಂದು ತಿಳಿದಿರಬೇಕು. ಕೇಳಬೇಕಾಗಿದ್ದ ಒಂದೇ ಒಂದು ಪ್ರಶ್ನೆಯನ್ನು ಬಿಟ್ಟು ದೊಡ್ಡಮ್ಮ ಅಂದು ಉಳಿದದ್ದನ್ನೆಲ್ಲ ಕೇಳಿದರು. ಅದು ಯಾವ ಪ್ರಶ್ನೆ ಎಂಬುದು ನಮಗೂ ಆಗ ಹೊಳೆಯಲಿಲ್ಲ.

ಕಾರಿನಲ್ಲಿ ರಕ್ಷಿತಾ, "ಕೇಳಿದ್ಯಲ್ಲ ಅಮ್ಮ? ಈಗ ಮುಗೀತಲ್ಲ?" ಎಂದಳು.

"ಕೇಳಿದೆ. ಆದ್ರೂ ಎಲ್ಲ ತಯಾರಿರಲಿ. ಹೊರಡುವ ದಿನ ಮಳೆ ಬಂದು ರಸ್ತೆ ಮುಳುಗಿದ್ರೆ?"

"ಫೆಬ್ರವರಿಯಲ್ಲಾ?"

"ಈಗಿನ ಹವಾಮಾನ ನಂಬಲಿಕ್ಕೆ ಉಂಟಾ?"

ರಕ್ಷಿತಾ ಕಿಟಕಿಯ ಕಡೆಗೆ ತಿರುಗಿದಳು. ಆಮೇಲೆ ಮೆಲ್ಲಗೆ, ಆದರೆ ನಮ್ಮಿಬ್ಬರಿಗೂ ಕೇಳುವ ಹಾಗೆ ಹೇಳಿದಳು: "ಇನ್ನೊಂದು ತೊಟ್ಟಿಯೋ ಬಾನಿಯೋ ಅಂಗಳಕ್ಕೆ ಬಂದ ದಿನ ನಾನು ಕಾರ್ಕಳಕ್ಕೆ ಹೋಗ್ತೇನೆ. ಹೆರಿಗೆಯೂ ಅಲ್ಲೇ, ಬಾಣಂತನವೂ ಅಲ್ಲೇ."

ಮೊದಲ ಹೆರಿಗೆಗೆ ತವರು ಬಿಟ್ಟು ಗಂಡನ ಮನೆಗೆ ಹೊರಟ ಮಗಳನ್ನು ನಮ್ಮ ಕಡೆ ಯಾರೂ ಕಂಡವರಿಲ್ಲ. ದೊಡ್ಡಮ್ಮ ಅಲೆವೂರು ಬರುವವರೆಗೆ ಮಾತಾಡಲಿಲ್ಲ. ಬುದ್ಧಿ ಬಂತು ಎಂದುಕೊಂಡೆ ನಾನು. ಬಂದದ್ದು ಬೇರೆಯೇ.

ಸಂತೆಕಟ್ಟೆಯಲ್ಲಿ ಮದುವೆ-ಮುಂಜಿಗೆ ಪಾತ್ರೆ ಬಾಡಿಗೆಗೆ ಕೊಡುವ ಒಬ್ಬರಿದ್ದಾರೆ. "ತೊಟ್ಟಿ, ಬಾನಿ ಬೇಡ ಅಂದದ್ದಲ್ವಾ ಅವಳು? ಕೊಪ್ಪರಿಗೆ ಬೇಡ ಅಂತ ಹೇಳಿದ್ದಾಳಾ?" ಎಂದು ಶುಕ್ರವಾರ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದರು. ಅಂಗಡಿಯ ಹಿಂದೆ ದೊಡ್ಡ ದೊಡ್ಡ ಕೊಪ್ಪರಿಗೆಗಳು ಆನೆಗಳ ಹಾಗೆ ಬೋರಲು ಮಲಗಿದ್ದವು. ದೊಡ್ಡಮ್ಮ ಅತಿ ದೊಡ್ಡದನ್ನು ಬೆರಳಲ್ಲಿ ತಟ್ಟಿ, "ಇದು," ಎಂದರು.

"ಎಷ್ಟು ಎಲೆ ಅಮ್ಮ?" ಎಂದರು ಯಜಮಾನರು. ನಮ್ಮಲ್ಲಿ ಊಟಕ್ಕೆ ಬರುವವರ ಲೆಕ್ಕ ಎಲೆಯಿಂದಲೇ ಹೊರತು ತಲೆಯಿಂದಲ್ಲ.

"ಒಂದು." ಸ್ವಲ್ಪ ಯೋಚಿಸಿ, "ಒಂದೂವರೆ ಅಂತ ಇಟ್ಟುಕೊಳ್ಳಿ."

"ಒಂದೂವರೆ ಎಲೆಗೆ ಕೊಪ್ಪರಿಗೆಯಾ? ಒಂದು ಕುಕ್ಕರ್ ಸಾಕಲ್ಲ!"

"ಕುಕ್ಕರಿನಲ್ಲಿ ಕಾಲು ಚಾಚಲಿಕ್ಕೆ ಆಗ್ತದಾ?"

ಯಜಮಾನರು ಬಹಳ ಗಿರಾಕಿಗಳನ್ನು ಕಂಡವರು. "ಯಾವ ತಾರೀಕಿಗೆ ಬೇಕು?" ಎಂದರು.

"ಅದು ಬರುವವರ ಮನಸ್ಸು."

"ಬರುವವರು ಯಾರು?"

"ಹೆಸರು ಇನ್ನೂ ಇಟ್ಟಿಲ್ಲ."

ಯಜಮಾನರು ಮತ್ತೆ ಒಂದೂ ಪ್ರಶ್ನೆ ಕೇಳಲಿಲ್ಲ. ಗೂಡ್ಸ್ ರಿಕ್ಷಾಕ್ಕೆ ಕೊಪ್ಪರಿಗೆ ಏರಿಸಿ ಹಗ್ಗ ಬಿಗಿಯುವಾಗ ಮಾತ್ರ ಎಲ್ಲರಿಗೂ ಹೇಳುವ ಒಂದು ಮಾತನ್ನು ಹೇಳಿದರು. "ತಳ ಹಿಡಿಯದ ಹಾಗೆ ನೋಡ್ಕೊಳ್ಳಿ ಅಮ್ಮ. ಒಮ್ಮೆ ತಳ ಹಿಡಿದ್ರೆ ಮತ್ತೆ ಬಿಡಿಸುದು ಕಷ್ಟ."

ಶನಿವಾರ ಬೆಳಗ್ಗೆ ಪ್ರಾಕ್ಟಿಕಲ್. ರಕ್ಷಿತಾ ಕೋಣೆಯ ಬಾಗಿಲು ಹಾಕಿಕೊಂಡು ಗಂಡನಿಗೆ ಫೋನ್ ಮಾಡುತ್ತಿದ್ದಳು. ಬಂದು ಕರೆದುಕೊಂಡು ಹೋಗಿ ಎಂದು. ಇತ್ತ ಅಂಗಳದಲ್ಲಿ ಕೊಪ್ಪರಿಗೆಗೆ ಬಿಸಿನೀರು ತುಂಬಿತು. ದೊಡ್ಡಮ್ಮ ಲ್ಯಾಬಿನಿಂದ ಉಳಿದಿದ್ದ ಥರ್ಮಾಮೀಟರನ್ನು ಅದ್ದಿ, "ಮೂವತ್ತೇಳು ಡಿಗ್ರಿ," ಎಂದು ಘೋಷಿಸಿದರು. ಈಗ ಬಸುರಿಯ ಸ್ಥಾನದಲ್ಲಿ ಯಾರಾದರೂ ಬೇಕು. ದೊಡ್ಡಪ್ಪನಿಗೆ ಹೊಟ್ಟೆ ಇಲ್ಲ. ಇಬ್ಬರೂ ನನ್ನ ಕಡೆಗೆ ನೋಡಿದರು.

ಪಂಚೆ ಬನಿಯನ್ನಿನಲ್ಲಿ ನಾನು ಇಳಿದೆ. ಸುಳ್ಳು ಯಾಕೆ ಹೇಳಲಿ, ಒಳಗೆ ಬಹಳ ಸುಖವಿತ್ತು.

"ಉಸಿರು ಎಳ್ಕೋ. ಬಿಡು. ಈಗ ನೋವು ಬಂದ ಹಾಗೆ ಮಾಡು."

"ಹೇಗೆ ದೊಡ್ಡಮ್ಮ?"

"ನಿನ್ನ ಮನೆ ಕಟ್ಟುವ ಕಂಟ್ರಾಕ್ಟರನ್ನು ನೆನಪು ಮಾಡು."

ನೋವು ನಿಜವಾಗಿಯೂ ಬಂತು! ನಾನು ನರಳಿದೆ. ದೊಡ್ಡಮ್ಮ ಸೊಂಟಕ್ಕೆ ನೀರು ಹೊಯ್ದರು. ಆ ಹೊತ್ತಿಗೆ ಕಂಪೌಂಡಿನ ಮೇಲೆ ಲಿಲ್ಲಿಬಾಯಿಯ ತಲೆ ಮೂಡಿತು.

"ಎಂತ ಟೀಚರ್, ಮನುಷ್ಯರನ್ನು ಬೇಯಿಸುದಾ?"

ದೊಡ್ಡಮ್ಮ ಒಂದು ಕ್ಷಣವೂ ತಡವರಿಸಲಿಲ್ಲ. "ಇಲ್ಲಪ್ಪ, ಪಾತ್ರೆ ತೊಳೆಯುದು. ಇವನು ಒಳಗಿನಿಂದ ಉಜ್ಜುತ್ತಾ ಇದ್ದಾನೆ."

ನಾನು ವಿಧೇಯನಾಗಿ ಅಂಗೈಯಲ್ಲಿ ಕೊಪ್ಪರಿಗೆಯನ್ನು ಉಜ್ಜಿದೆ. ಲಿಲ್ಲಿಬಾಯಿ, "ಓ, ಹಾಗಾ," ಎಂದು ಕೊಪ್ಪರಿಗೆಯ ಗಾತ್ರವನ್ನು ಒಮ್ಮೆ ಕಣ್ಣಲ್ಲೇ ಅಳೆದು ಮರೆಯಾದರು. ಅನರ್ಥಕ್ಕೆ ಬೀಜ ಬಿದ್ದದ್ದು ಅಲ್ಲಿ.

ಅಷ್ಟರಲ್ಲಿ ಗೇಟಿನಲ್ಲಿ ಕಾರು ನಿಂತಿತು. ಹೆಂಡತಿಯನ್ನು ಕರೆದುಕೊಂಡು ಹೋಗಲು ಕಾರ್ಕಳದ ಭಾವ ಗಂಭೀರ ಮುಖ ಹೊತ್ತು ಬಂದಿದ್ದರು. ಅಂಗಳದಲ್ಲಿ ನನ್ನನ್ನು ಕಂಡು ನಿಂತರು. ಬಹಳ ಹೊತ್ತು ನೋಡಿದರು. "ಭಾವ, ನಿಮಗೆ ಎಷ್ಟನೇ ತಿಂಗಳು?" ಎಂದರು.

ಕೋಣೆಯ ಬಾಗಿಲು ತೆರೆಯಿತು. ಬ್ಯಾಗು ಹಿಡಿದು ಹೊರಗೆ ಬಂದ ರಕ್ಷಿತಾ ನಮ್ಮನ್ನು ನೋಡಿ ನಗಲಾರಂಭಿಸಿದಳು. ಚಾವಡಿಯ ಕಂಬ ಹಿಡಿದು ನಕ್ಕಳು, ಕೂತು ನಕ್ಕಳು, ಕಣ್ಣು ಒರೆಸಿಕೊಂಡು ಮತ್ತೆ ನಕ್ಕಳು. ಅಷ್ಟು ನಕ್ಕ ಮೇಲೆ ಸಿಟ್ಟಿನಲ್ಲಿ ಮನೆ ಬಿಟ್ಟು ಹೋಗುವುದು ಕಷ್ಟ. "ನಾಳೆ ಹೋಗುವ," ಎಂದು ಬ್ಯಾಗು ಇಟ್ಟಳು. ದೊಡ್ಡಮ್ಮ ಅಳಿಯನಿಗೆ ಕಾಫಿ ಮಾಡಲು ಒಳಗೆ ಹೋದರು. ನನ್ನನ್ನು ಮೇಲೆ ಎತ್ತುವವರು ಯಾರೂ ಇರಲಿಲ್ಲ.

ಅಂದು ಸಂಜೆಯ ಹೊತ್ತಿಗೆ ಒಬ್ಬೊಬ್ಬರಾಗಿ ನೆರೆಹೊರೆಯವರು ಅಂಗಳಕ್ಕೆ ಬರತೊಡಗಿದರು. ಎಲ್ಲರ ಕೈಯಲ್ಲೂ ಮೆಟ್ಟುಕತ್ತಿ, ಚೂರಿ! ನೋಡುವವರು ದಂಗೆಯೆಂದೇ ತಿಳಿಯಬೇಕು. ಆದರೆ ನಮ್ಮೂರಿನಲ್ಲಿ ಅದು ದಂಗೆಯಲ್ಲ, ಮರ್ಯಾದೆ. ಯಾರ ಮನೆಯಲ್ಲಿ ದೊಡ್ಡ ಊಟವಿದ್ದರೂ ಹಿಂದಿನ ದಿನ ಸಂಜೆ ನೆರೆಮನೆಯವರೆಲ್ಲ ತಮ್ಮ ತಮ್ಮ ಕತ್ತಿ ಹಿಡಿದು ತರಕಾರಿ ಹೆಚ್ಚಲು ಬರಬೇಕು. ಕರೆಯುವುದನ್ನು ಕಾಯಬಾರದು. ಕೊಪ್ಪರಿಗೆ ಅಂಗಳದಲ್ಲಿ ಉಂಟು, ತೊಳೆದಾಗಿದೆ ಎಂದು ಲಿಲ್ಲಿಬಾಯಿ ಹೇಳಿದ ಮೇಲೆ ಇನ್ನೇನು ಬೇಕು? ಬರುವಾಗ ಒಬ್ಬರು ಮಂಗಳೂರು ಸೌತೆ ತಂದಿದ್ದರು, ಒಬ್ಬರು ಕುಂಬಳಕಾಯಿ, ಲಿಲ್ಲಿಬಾಯಿ ತಮ್ಮ ಮರದ ತೆಂಗಿನಕಾಯಿ.

"ಎಂತ ಟೀಚರ್, ನಾಳೆ ಎಂತ ವಿಶೇಷ? ಹೇಳಲೇ ಇಲ್ಲ ನೀವು!"

ದೊಡ್ಡಮ್ಮ ಕೊಪ್ಪರಿಗೆ ನೋಡಿದರು, ಕತ್ತಿಗಳನ್ನು ನೋಡಿದರು. ಕತ್ತಿ ಹಿಡಿದು ಬಂದವರನ್ನು ಹಿಂದೆ ಕಳಿಸುವುದು ಸಾಧ್ಯವೇ? "ನನ್ನ ರಿಟೈರ್‌ಮೆಂಟಿನ ಊಟ," ಎಂದರು.

"ರಿಟೈರಾಗಿ ಮೂರು ವರ್ಷ ಆಯ್ತಲ್ಲ?"

"ಹೌದು. ಮತ್ತೆ ಕರೀತಾರಾ ನೋಡುವ ಅಂತ ಕಾದೆ. ಕರೀಲಿಲ್ಲ."

"ಆಯ್ತು," ಎಂದು ದೊಡ್ಡಪ್ಪ ಅಕ್ಕಿ, ಬೆಲ್ಲ ತರಲು ಹೊರಟರು.

ಹಾಗೆ ಆದಿತ್ಯವಾರ ಬೆಳಗ್ಗೆ ಅಂಗಳದಲ್ಲಿ ಒಲೆ ಹೂಡಿದ್ದಾಯಿತು. ಕೊಪ್ಪರಿಗೆಯಲ್ಲಿ ಕಡಲೆಬೇಳೆ ಪಾಯಸ ತಕಪಕ ಕುದಿಯಿತು. ರಕ್ಷಿತಾ ಬೆಳಗ್ಗಿನಿಂದ ಸೊಂಟ ಹಿಡಿದುಕೊಂಡಿದ್ದಳು. ನಿನ್ನೆ ನಕ್ಕದ್ದು ಜಾಸ್ತಿಯಾಯಿತು ಎಂದು ಅವಳ ಲೆಕ್ಕ. ತಾರೀಕಿಗೆ ಇನ್ನೂ ಒಂದು ವಾರವಿತ್ತು. ದೊಡ್ಡಮ್ಮ ಸೌಟಿನಿಂದ ಪಾಯಸ ತಿರುವುತ್ತಿದ್ದಾಗ ಅವಳು ಮೆಲ್ಲಗೆ ಬಂದು ಹಿಂದೆ ನಿಂತಳು.

"ಅಮ್ಮ, ನನಗೆ ನೀರು ಹೋಯ್ತು."

ದೊಡ್ಡಮ್ಮ ಗಕ್ಕನೆ ಕೊಪ್ಪರಿಗೆಯ ಕಡೆಗೆ ತಿರುಗಿದರು. ಊರಿಗೆಲ್ಲ ಆಗುವಷ್ಟು ಪಾಯಸ ಅದರಲ್ಲಿ ಗುಳ್ಳೆ ಬಿಡುತ್ತಿತ್ತು. ಎಷ್ಟೋ ವಾರಗಳ ಯೋಜನೆ. ಮಗು ಬರುವ ಹೊತ್ತಿಗೆ ತೊಟ್ಟಿಲಲ್ಲ, ತೊಟ್ಟಿಯೇ ಖಾಲಿ ಇಲ್ಲ! ನಗಬೇಕೆಂದು ನಾನು ಬಾಯಿ ತೆರೆದೆ. ದೊಡ್ಡಮ್ಮನ ಮುಖ ನೋಡಿ ಮುಚ್ಚಿದೆ. ಅವರು ಮಗಳನ್ನು ನೋಡುತ್ತಿದ್ದರು. ಅವಳ ತುಟಿ ಬೆಳ್ಳಗಾಗಿತ್ತು.

ಸೌಟು ಲಿಲ್ಲಿಬಾಯಿಯ ಕೈಗೆ ಹೋಯಿತು. "ಮಾರಾಯ, ಕಾರು ತೆಗಿ. ಮಣಿಪಾಲಕ್ಕೆ," ಎಂದರು ದೊಡ್ಡಮ್ಮ. ಕನ್ನಡದಲ್ಲಿ.

ಆಸ್ಪತ್ರೆಯಲ್ಲಿ ರಕ್ಷಿತಾಳನ್ನು ಗಾಲಿಕುರ್ಚಿಯಲ್ಲಿ ಒಳಗೆ ಕರೆದುಕೊಂಡು ಹೋದರು. ಬಾಗಿಲು ಹಾಕಿದರು. ಬೆಂಚಿತ್ತು. ನಾವು ನಾಲ್ವರು ಕೂತೆವು: ದೊಡ್ಡಪ್ಪ, ದೊಡ್ಡಮ್ಮ, ಭಾವ, ನಾನು. ದೊಡ್ಡಮ್ಮನ ಸೀರೆಯಿಂದ ಏಲಕ್ಕಿಯ ಮತ್ತು ಹೊಗೆಯ ವಾಸನೆ ಬರುತ್ತಿತ್ತು. ಅವರು ಬಾಗಿಲನ್ನೇ ನೋಡುತ್ತಿದ್ದರು. ಸುಮ್ಮನೆ ಕುಳಿತ ದೊಡ್ಡಮ್ಮನನ್ನು ನಾನು ನೋಡಿದ್ದು ಅದೇ ಮೊದಲು.

"ಇವಳು ಹುಟ್ಟುವಾಗ ಆಸ್ಪತ್ರೆಯಲ್ಲಿ ನಾನು ಒಬ್ಬಳೇ," ಎಂದರು. "ಅಮ್ಮ ಆ ಮಳೆಗಾಲದಲ್ಲೇ ಹೋಗಿದ್ರು. ಇವರು ಮಸ್ಕತ್ತಿನಲ್ಲಿ. ನಿನ್ನ ಅಮ್ಮ ನಿಮ್ಮನ್ನೆಲ್ಲ ಕಟ್ಟಿಕೊಂಡು ಬೊಂಬಾಯಿಯಲ್ಲಿ. ನೋವು ತಡೀಲಿಕ್ಕಾಗದೆ 'ಅಮ್ಮಾ' ಅಂತ ಕೂಗಿದೆ. ಅಲ್ಲಿದ್ದವಳೊಬ್ಬಳು, 'ಕೂಗಿದ್ರೆ ನಿನ್ನ ಅಮ್ಮ ಬರ್ತಾಳಾ?' ಅಂತ ಕೇಳಿದಳು." ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಅವಳಿಗೆ ಎಂತ ಗೊತ್ತು ಪಾಪ. ಆಮೇಲೆ ನಾನು ಕೂಗಲಿಲ್ಲ."

ದೊಡ್ಡಪ್ಪ ತಮ್ಮ ಚಪ್ಪಲಿಯನ್ನು ನೋಡುತ್ತಾ, "ನಾನು ರಜೆ ಕೇಳಬಹುದಿತ್ತು," ಎಂದರು. ಅವರು "ಆಯ್ತು" ಬಿಟ್ಟು ಬೇರೆ ಮಾತಾಡಿದ್ದನ್ನು ದೊಡ್ಡಮ್ಮ ಗಮನಿಸಿದಂತೆ ಕಾಣಲಿಲ್ಲ.

ಬಾಗಿಲು ತೆರೆದು ನರ್ಸ್ ಹೊರಗೆ ಬಂದರು. "ರಕ್ಷಿತಾ ಅವರ ಅಮ್ಮ ಯಾರು? ಹೆರಿಗೆ ಆಗುವವರೆಗೆ ಮನೆಯವರು ಒಬ್ಬರು ಜೊತೆಗೆ ಇರಬಹುದು. ಅಮ್ಮನೇ ಬೇಕು ಅಂತಿದ್ದಾರೆ."

ದೊಡ್ಡಮ್ಮ ಎದ್ದು ನಿಂತರು. "ಒಳಗೆ... ಬಿಡ್ತೀರಾ?"

"ಬಿಡದೆ ಏನಮ್ಮ? ಯಾವಾಗಿನಿಂದಲೋ ಬಿಡ್ತೇವೆ. ಡಾಕ್ಟರರ ಹತ್ತಿರ ಕೇಳಿದ್ರೆ ಆವತ್ತೇ ಹೇಳ್ತಿದ್ರಲ್ಲ."

ಸಮುದ್ರ ನೋಡಿದ್ದಾಯಿತು, ಬಾತುಕೋಳಿ ತಂದದ್ದಾಯಿತು, ನನ್ನನ್ನು ಬಿಸಿನೀರಿಗೆ ಇಳಿಸಿದ್ದಾಯಿತು. ಈ ಒಂದು ಮಾತನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ! ದೊಡ್ಡಮ್ಮ ಅಳಿಯನ ಕಡೆಗೆ ನೋಡಿದರು; ಆ ಜಾಗ ನ್ಯಾಯವಾಗಿ ಅವರದ್ದಲ್ಲವೇ? ಭಾವ ಕೈ ಮುಗಿದುಬಿಟ್ಟರು. "ನೀವೇ ಹೋಗಿ ಅತ್ತೆ. ರಕ್ತ ಕಂಡ್ರೆ ನನಗೆ ತಲೆ ತಿರುಗ್ತದೆ. ಮತ್ತೆ ಇವರಿಗೆ ಎರಡೆರಡು ಪೇಷಂಟು."

ಒಳಗೆ ಏನಾಯಿತೆಂಬುದನ್ನು ರಕ್ಷಿತಾ ಆಮೇಲೆ ಹೇಳಿದಳು. ಕೋಣೆಗೆ ತಾಗಿ ಸ್ನಾನದ ಮನೆ ಇತ್ತಂತೆ. ಬಿ.ಪಿ. ಹಿಡಿತಕ್ಕೆ ಬಂದ ಮೇಲೆ, ಸ್ವಲ್ಪ ಹೊತ್ತು ಬಿಸಿನೀರಿನ ಶವರಿನ ಕೆಳಗೆ ಸ್ಟೂಲಿನಲ್ಲಿ ಕೂರಬಹುದು, ನೋವಿಗೆ ಹಿತವಾಗುತ್ತದೆ ಎಂದು ನರ್ಸೇ ಹೇಳಿದರಂತೆ. ದೊಡ್ಡಮ್ಮ ಕುಪ್ಪಸದೊಳಗಿಂದ ಥರ್ಮಾಮೀಟರ್ ತೆಗೆದು ಮೊದಲು ನೀರಿನ ಬಿಸಿ ನೋಡಿದರಂತೆ! ಆಮೇಲೆ ಮಗಳ ಬೆನ್ನಿಗೆ ನೀರು ಹಿಡಿದು ನಿಂತರಂತೆ, ಸೀರೆಯೆಲ್ಲ ತೊಯ್ಯುವವರೆಗೆ. ಇಂಜೆಕ್ಷನ್ನೂ ಆಯಿತು. "ಅಮ್ಮನೂ ಇದ್ರು, ಇಂಜೆಕ್ಷನ್ನೂ ಇತ್ತು. ಯಾಕೆ ಬಿಡಬೇಕು? ಎರಡನ್ನೂ ತಗೊಂಡೆ," ಎಂದಳು ರಕ್ಷಿತಾ.

ಕೊನೆಯ ಹೊತ್ತಿಗೆ ಮಾತ್ರ ಅವಳ ದನಿ ಹೊರಗಿನ ನಮಗೂ ಕೇಳಿಸಿತು. "ಅಮ್ಮಾ!" ಎಂದು ಕೂಗಿದಳು. ಅದರ ಹಿಂದೆಯೇ, ಹೈಸ್ಕೂಲಿನ ಕೊನೆಯ ಬೆಂಚಿಗೂ ತಲುಪುತ್ತಿದ್ದ ಆ ದೊಡ್ಡ ಗಂಟಲು: "ಇದ್ದೇನೆ!"

ಹೊತ್ತು ಮುಳುಗುವ ಮೊದಲು ಹೆಣ್ಣುಮಗು ಹುಟ್ಟಿತು. ತಾಯಿ ಮಗು ಕ್ಷೇಮ. ನಾನು ಲಿಲ್ಲಿಬಾಯಿಗೆ ಫೋನ್ ಮಾಡಿದೆ. ಅವರು ಏಸುವಿಗೂ ಮಾತೆಗೂ ವಂದನೆ ಸಲ್ಲಿಸಿ, ಮಗುವಿನ ಬಣ್ಣ, ತೂಕ ಎಲ್ಲ ಕೇಳಿ, ಕೊನೆಗೆ ದನಿ ತಗ್ಗಿಸಿದರು. "ಟೀಚರಿಗೆ ಈಗ ಹೇಳಬೇಡಿ. ಪಾಯಸ ತಳ ಹಿಡಿದಿದೆ."

ನಲವತ್ತು ದಿನದ ಬಾಣಂತನ ಮುಗಿದು ರಕ್ಷಿತಾಳನ್ನು ಮಗುವಿನೊಂದಿಗೆ ಕಾರ್ಕಳಕ್ಕೆ ಬಿಟ್ಟುಬರಲು ಕಾರು ತೆಗೆದುಕೊಂಡು ಹೋಗಿದ್ದೆ. ಅಷ್ಟೂ ದಿನ ಮಗಳಿಗೆ ಎಣ್ಣೆ ತಿಕ್ಕಿ ಮೀಯಿಸಿದ್ದು ದೊಡ್ಡಮ್ಮನೇ. ಕೆಲಸದವರನ್ನು ಹತ್ತಿರ ಬಿಟ್ಟಿರಲಿಲ್ಲ. ಅಂದು ಕೊನೆಯ ಸ್ನಾನ. ಮಗು ನನ್ನ ಮಡಿಲಲ್ಲಿತ್ತು. ಬಚ್ಚಲಿನಿಂದ ಅವರ ಮಾತು ಚಾವಡಿಗೆ ಕೇಳುತ್ತಿತ್ತು.

"ಅಮ್ಮ, ನಾನು ಹುಟ್ಟಿದಾಗ ನಿನ್ನನ್ನು ಮೀಯಿಸಿದ್ದು ಯಾರು?"

"ಯಾರು ಮಾರಾಯ್ತಿ ಇದ್ದದ್ದು? ನಾನೇ ಕಾಯಿಸಿ ನಾನೇ ಹೊಯ್ಕೊಂಡೆ."

"ಕೂತ್ಕೋ."

"ಎಂತ?"

"ಮಣೆಯಲ್ಲಿ ಕೂತ್ಕೋ ಅಮ್ಮ."

ದೊಡ್ಡಮ್ಮ ಏನೋ ಹೇಳಿದರು. ಏನೆಂದು ಕೇಳಿಸಲಿಲ್ಲ. ಆಮೇಲೆ ನೀರು ಹೊಯ್ಯುವ ಸದ್ದು ಬಂತು, ಬಹಳ ಹೊತ್ತು ಬರುತ್ತಲೇ ಇತ್ತು. ದೊಡ್ಡಪ್ಪ ಎದ್ದು ಹೋಗಿ ಬಚ್ಚಲಿನ ಒಲೆಗೆ ಇನ್ನೆರಡು ಕಟ್ಟಿಗೆ ಇಟ್ಟು ಬಂದರು. ಅಂದು ನಾವು ಕಾರ್ಕಳ ಮುಟ್ಟುವಾಗ ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು.